ಕೂತು ನೋಡಿದವರಿಗೆ ಸಿಗುವ ನಗು

ನಮ್ಮ ಮನೆಯಲ್ಲಿ ಸಂಜೆ ಆರೂವರೆಗೆ ಶುರುವಾದ ಟಿವಿ ನಿಲ್ಲುವುದು ರಾತ್ರಿ ಹತ್ತರ ಮೇಲೆ. ಆದರೆ ಅಷ್ಟು ಹೊತ್ತೂ ಅದನ್ನು ಕೂತು ನೋಡುವವರು ಯಾರೂ ಇಲ್ಲ. ಅಮ್ಮ ಟಿವಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ. ಅಪ್ಪ ಪೇಪರ್ ಹಿಡಿದು ಪದಬಂಧ ತುಂಬಿಸುತ್ತಾರೆ. ನನ್ನ ಕೈಯಲ್ಲಿ ಫೋನ್ ಇರುತ್ತದೆ. ಹಾಗಂತ ಅಮ್ಮನಿಗೆ ಸೀರಿಯಲ್ ಕಥೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಯಾರ ಮದುವೆ ಮುರಿಯಿತು, ಯಾರು ಯಾರ ಹಾಲಿಗೆ ಏನು ಬೆರೆಸಿದರು, ಎಲ್ಲ ಬಾಯಿಪಾಠ. ಒಂದು ದಿನ ಕೇಳಿಯೇಬಿಟ್ಟೆ, ತಿರುಗಿ ನೋಡದೆ ಹೇಗಮ್ಮ ಗೊತ್ತಾಗುತ್ತೆ ಅಂತ.

"ಮ್ಯೂಸಿಕ್ ಬರುತ್ತಲ್ಲ. ಅತ್ತೆ ಬಂದ್ರೆ ಒಂದು ಥರ, ಸೊಸೆ ಬಂದ್ರೆ ಇನ್ನೊಂದು ಥರ. ನೋಡೋದೇನಿದೆ ಅದ್ರಲ್ಲಿ?" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಏಕೆಂದರೆ ಸರಿಯಾಗಿ ಇದೇ ಕಾರಣಕ್ಕೆ ನಿಂತುಹೋದ ಒಂದು ಧಾರಾವಾಹಿ ನನಗೆ ಗೊತ್ತು. ಅದನ್ನು ನೋಡಲೇಬೇಕಿತ್ತು. ಕೇಳಿಸಿಕೊಂಡರೆ ಸಾಲುತ್ತಿರಲಿಲ್ಲ. ಅದಕ್ಕೇ ನಿಂತಿತು.

ಅದರ ಹೆಸರು 'ಪೊಲೀಸ್ ಸ್ಕ್ವಾಡ್!'. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1982ರ ಮಾರ್ಚ್ 4ರಂದು ಶುರುವಾಯಿತು. ಮಾಡಿದವರು ಜಿಮ್ ಏಬ್ರಹಾಮ್ಸ್, ಡೇವಿಡ್ ಝುಕರ್, ಜೆರ್ರಿ ಝುಕರ್ ಎಂಬ ಮೂವರು. ಎರಡು ವರ್ಷ ಮುಂಚೆ, 1980ರಲ್ಲಿ, ವಿಮಾನ ಅಪಘಾತದ ಸಿನಿಮಾಗಳನ್ನು ಅಣಕಿಸಿ 'ಏರ್‌ಪ್ಲೇನ್!' ಮಾಡಿ ಗೆದ್ದಿದ್ದವರು ಇವರೇ. ಈಗ ಪೊಲೀಸ್ ಧಾರಾವಾಹಿಗಳ ಸರದಿ. ಮಾಡಿದ್ದು ಬರೀ ಆರು ಕಂತು. ನಾಲ್ಕು ಪ್ರಸಾರವಾಗುತ್ತಿದ್ದಂತೆ ವಾಹಿನಿ ನಿಲ್ಲಿಸಿಬಿಟ್ಟಿತು. ಉಳಿದ ಎರಡನ್ನು ಜುಲೈನಲ್ಲಿ ಹಾಕಿ ಕೈತೊಳೆದುಕೊಂಡಿತು. ಯಾಕೆ ನಿಲ್ಲಿಸಿದಿರಿ ಅಂತ ಕೇಳಿದ್ದಕ್ಕೆ ಅಲ್ಲಿನ ಮನರಂಜನಾ ವಿಭಾಗದ ಮುಖ್ಯಸ್ಥ ಟೋನಿ ಥೋಮೋಪೌಲೋಸ್ ಕೊಟ್ಟ ಕಾರಣ ಇಂದಿಗೂ ಓಡಾಡುತ್ತಿದೆ. ಇದು ಹಿಡಿಸಬೇಕಾದರೆ ನೋಡುಗರು ಇದನ್ನು ನೋಡಬೇಕಾಗುತ್ತದೆ, ಅದಕ್ಕೇ ನಿಲ್ಲಿಸಿದೆವು, ಅನ್ನುವ ಅರ್ಥದ ಮಾತು ಅದು.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಟಿವಿಯಲ್ಲಿ ಬರುವುದನ್ನು ನೋಡದೆ ಇನ್ನೇನು ಮಾಡುತ್ತಾರೆ? ಆಮೇಲೆ ನಮ್ಮ ಹಜಾರವನ್ನೇ ಒಮ್ಮೆ ನೋಡಿದೆ. ಬೆನ್ನು ತಿರುಗಿಸಿ ಕೂತ ಅಮ್ಮ, ಪದಬಂಧದ ಅಪ್ಪ, ಫೋನ್ ಹಿಡಿದ ನಾನು. ಆ ಮನುಷ್ಯನಿಗೆ ತನ್ನ ವೀಕ್ಷಕರು ಚೆನ್ನಾಗಿಯೇ ಗೊತ್ತಿದ್ದರು ಅನ್ನಿಸಿತು. ಆದರೂ ಆ ಕಾರಣವನ್ನು ನಾನು ಒಪ್ಪುವುದಿಲ್ಲ. ಜನ ನೋಡುತ್ತಿಲ್ಲ ಅಂತ ನೋಡುವಂಥದ್ದನ್ನೇ ಎತ್ತಿಬಿಟ್ಟರೆ ಆಮೇಲೆ ಜನ ನೋಡುವುದಾದರೂ ಏನನ್ನು?

ಒಂದು ಜನವರಿಯ ಭಾನುವಾರ ಹನುಮಂತನಗರದ ನಮ್ಮ ಮನೆಯಲ್ಲಿ ಆ ಆರೂ ಕಂತುಗಳನ್ನು ಒಟ್ಟಿಗೆ ಹಾಕಿದೆ. ತಮ್ಮ ಹಿಂದೊಮ್ಮೆ ತಂದುಕೊಟ್ಟಿದ್ದ ಡಿವಿಡಿ. ಎಲ್ಲ ಸೇರಿದರೂ ಎರಡೂವರೆ ಗಂಟೆ, ನಮ್ಮದೊಂದು ಸಿನಿಮಾದಷ್ಟು. ಅವತ್ತು ಮನೆ ತುಂಬಿತ್ತು. ಸೋದರಮಾವ ಬಂದಿದ್ದರು. ಅವರು ಪೊಲೀಸ್ ಇಲಾಖೆಯಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತರಾದವರು. ಅಣ್ಣನ ಮಗಳೂ ಇದ್ದಳು, ಲಾ ಓದುತ್ತಿದ್ದಾಳೆ. ನಡುವೆ ಒಂದು ದೊಡ್ಡ ಮೊರ, ಅದರ ತುಂಬ ಅವರೆಕಾಯಿ. ಅವರೆಕಾಳು ಸೀಸನ್‌ನಲ್ಲಿ ನಮ್ಮ ಮನೆಗೆ ಬಂದವರು ಮೊರದ ಮುಂದೆ ಕೂರದೆ ಹೋಗುವ ಹಾಗಿಲ್ಲ.

ಧಾರಾವಾಹಿ ಶುರುವಾಗುವುದೇ ಒಂದು ಗತ್ತಿನ ದನಿಯಿಂದ. ಹೆಸರು ಹೇಳಿ, ತಕ್ಷಣ "ಬಣ್ಣದಲ್ಲಿ!" ಅಂತ ಘೋಷಿಸುತ್ತದೆ. 1982ರ ಅಮೆರಿಕದಲ್ಲಿ ಅದು ತಮಾಷೆ. ಅಲ್ಲಿ ಎಲ್ಲವೂ ಬಣ್ಣದಲ್ಲೇ ಬರುತ್ತಿದ್ದ ಕಾಲ. ಹತ್ತಿಪ್ಪತ್ತು ವರ್ಷ ಹಳೆಯ ಗತ್ತನ್ನು ಹಾಗೇ ಎತ್ತಿ ಇಟ್ಟಿದ್ದಾರೆ. ನಾನು ನಕ್ಕೆ. ಅಪ್ಪ ನಗಲಿಲ್ಲ. ಕನ್ನಡಕ ತೆಗೆದು, "82ರಲ್ಲೇ ಅಲ್ವಾ ನಮ್ಮ ದೂರದರ್ಶನಕ್ಕೂ ಬಣ್ಣ ಬಂದಿದ್ದು" ಅಂದರು. ಹೌದು, ಅದೇ ವರ್ಷ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಶುರುವಾಗಿ ಆಗಿನ್ನೂ ಕೆಲವು ತಿಂಗಳು. 1981ರ ನವೆಂಬರ್ 1, ರಾಜ್ಯೋತ್ಸವದ ದಿನ ಅದರ ಹುಟ್ಟು. ನಮ್ಮ ಮನೆಯಲ್ಲಿ ಇದ್ದದ್ದು ಮರದ ಶಟರ್ ಎಳೆಯುವ ಕಪ್ಪು ಬಿಳುಪು ಪೆಟ್ಟಿಗೆ. ಪಕ್ಕದ ಮನೆಗೆ ಕಲರ್ ಟಿವಿ ಬಂದಾಗ ಅಪ್ಪ ಹೋಗಿ ನೋಡಿ ಬಂದು, ವಾರ್ತೆ ಓದುವವರ ಸೀರೆ ಹಸಿರು ಅಂತ ಅಮ್ಮನಿಗೆ ಹೇಳಿದ್ದರಂತೆ. ಅದನ್ನು ಅಪ್ಪ ಈಗಲೂ ಅಷ್ಟೇ ಸಂಭ್ರಮದಿಂದ ಹೇಳುತ್ತಾರೆ. ಅವರ ಪಾಲಿಗೆ "ಬಣ್ಣದಲ್ಲಿ" ಅನ್ನುವುದು ತಮಾಷೆಯಲ್ಲ, ಸುದ್ದಿ. ಒಂದೇ ಮಾತು, ಒಂದೇ ವರ್ಷ, ಅಲ್ಲಿ ಅಣಕ, ಇಲ್ಲಿ ಹಬ್ಬ.

ಆಮೇಲೆ ಅತಿಥಿ ನಟನ ಪರಿಚಯ. ಪ್ರತಿ ಕಂತಿಗೂ ಒಬ್ಬ ಹೆಸರಾಂತ ನಟ. ಮೊದಲ ಕಂತಿಗೆ ಲೋರ್ನ್ ಗ್ರೀನ್, ಇನ್ನೊಂದಕ್ಕೆ 'ಸ್ಟಾರ್ ಟ್ರೆಕ್'ನ ವಿಲಿಯಂ ಶಾಟ್ನರ್. ಟೈಟಲ್ ಕಾರ್ಡ್ ಮುಗಿಯುವುದರೊಳಗೆ ಆ ನಟ ಸತ್ತೇ ಹೋಗುತ್ತಾನೆ. ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಅಬ್ರಹಾಂ ಲಿಂಕನ್ ಪಾತ್ರಧಾರಿ ಅಂತ ಒಬ್ಬರ ಹೆಸರೂ ಪ್ರತಿ ಸಲ ಬರುತ್ತದೆ. ಕಥೆಯಲ್ಲಿ ಲಿಂಕನ್ ಬರುವುದೇ ಇಲ್ಲ.

ಅದಾದ ಮೇಲೆ ಕಂತಿನ ಹೆಸರು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಮೊದಲ ಕಂತಿನಲ್ಲಿ ಪರದೆಯ ಮೇಲೆ 'ಎ ಸಬ್‌ಸ್ಟಾನ್ಷಿಯಲ್ ಗಿಫ್ಟ್' ಅಂತ ಅಕ್ಷರ ಮೂಡುತ್ತದೆ. ಅದೇ ಹೊತ್ತಿಗೆ ಆ ಗತ್ತಿನ ದನಿ 'ದಿ ಬ್ರೋಕನ್ ಪ್ರಾಮಿಸ್' ಅಂತ ಓದುತ್ತದೆ. ಬರೆದದ್ದು ಒಂದು, ಓದಿದ್ದು ಇನ್ನೊಂದು. ಆರೂ ಕಂತಿನಲ್ಲಿ ಇದೇ ಕಥೆ. ಅಮ್ಮನ ಹಾಗೆ ಕಿವಿ ಮಾತ್ರ ಕೊಟ್ಟವರಿಗೆ ಒಂದು ಹೆಸರು ಸಿಗುತ್ತದೆ. ಟಿವಿ ದನಿ ತಗ್ಗಿಸಿ ಕಣ್ಣು ಮಾತ್ರ ಹಾಯಿಸಿದವರಿಗೆ ಇನ್ನೊಂದು. ಎರಡೂ ಕಡೆಯವರಿಗೆ ಏನೂ ಅನುಮಾನ ಬರುವುದಿಲ್ಲ. ಕಣ್ಣು ಕಿವಿ ಎರಡನ್ನೂ ಒಟ್ಟಿಗೆ ಕೊಟ್ಟವರಿಗೆ ಮಾತ್ರ ನಗು. ಇಡೀ ಧಾರಾವಾಹಿ ತನ್ನ ನೋಡುಗರ ಹತ್ತಿರ ಏನು ಕೇಳುತ್ತಿದೆ ಅನ್ನುವುದು ಆ ಮೂರು ಸೆಕೆಂಡಿನಲ್ಲಿ ಇದೆ.

ನಮ್ಮಂಥವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಅಪ್ಪನಿಗೆ ಇಂಗ್ಲಿಷ್ ಓದುವುದು ನೀರು ಕುಡಿದಷ್ಟು ಸುಲಭ. ಆದರೆ ಅಮೆರಿಕದವರ ಮಾತು ಕಿವಿಗೆ ಹತ್ತುವುದಿಲ್ಲ. ಹಾಗಾಗಿ ಕೆಳಗೆ ಸಬ್‌ಟೈಟಲ್ ಬೇಕು. ಸಬ್‌ಟೈಟಲ್ ಓದಲು ಹೋದರೆ ಕಣ್ಣು ಕೆಳಗೇ ಉಳಿಯುತ್ತದೆ. ತಮಾಷೆಯೆಲ್ಲ ಮೇಲೆ, ಹಿಂದುಗಡೆ, ಮೂಲೆಯಲ್ಲಿ ನಡೆಯುತ್ತಿರುತ್ತದೆ. ಠಾಣೆಯಲ್ಲಿ ಒಬ್ಬ ಸಿಬ್ಬಂದಿ ಇದ್ದಾನೆ. ಎಷ್ಟು ಎತ್ತರ ಅಂದರೆ ಅವನ ಮುಖ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಎಲ್ಲರೂ ಕತ್ತೆತ್ತಿ ಮಾತಾಡುತ್ತಾರೆ, ನಮಗೆ ಭುಜದವರೆಗೆ ಮಾತ್ರ ಕಾಣುತ್ತದೆ. ಅಪ್ಪ ಮೂರನೇ ಕಂತಿನವರೆಗೂ ಅವನನ್ನು ಗಮನಿಸಿರಲಿಲ್ಲ. ಗಮನಿಸಿದ ಮೇಲೆ ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಇನ್ನೇನು ಕಳೆದುಕೊಂಡೆ ಅನ್ನುವ ಹಾಗೆ ಮುಂದಕ್ಕೆ ಸರಿದು ಕೂತರು. ಅಪ್ಪ ಹಾಗೆ ಕೂರುವುದು ಕ್ರಿಕೆಟ್‌ನ ಕೊನೆ ಓವರ್‌ಗೆ ಮಾತ್ರ.

ಅಮ್ಮನ ಅಭಿಪ್ರಾಯ ಮೊದಲ ಕಂತಿನಲ್ಲೇ ಬಂತು. "ಇದ್ರಲ್ಲಿ ಹಾಸ್ಯ ಎಲ್ಲಿದೆಯೇ? ಯಾರೂ ನಗ್ತಾನೇ ಇಲ್ಲ."

ಅಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಇದರಲ್ಲಿ ಯಾರೂ ನಗುವುದಿಲ್ಲ. ಹಿನ್ನೆಲೆಯಲ್ಲಿ ಜನ ನಕ್ಕ ಸದ್ದನ್ನೂ ಹಾಕಿಲ್ಲ. ಆ ಕಾಲದ ಅಮೆರಿಕದ ಕಾಮಿಡಿಗಳಲ್ಲಿ ಅದು ಇರಲೇಬೇಕು ಅನ್ನುವ ಪದ್ಧತಿ ಇತ್ತು. ನಮ್ಮ ಕಾಮಿಡಿ ಶೋಗಳಲ್ಲೂ ಅಷ್ಟೇ, ಮಾತು ಮುಗಿಯುವ ಮೊದಲೇ ಡೋಲು ಬಾರಿಸಿ, "ಟೊಯ್ಂಯ್" ಅನ್ನಿಸಿ, ಇಲ್ಲಿ ನಗಿ ಅಂತ ಹೇಳಿಕೊಡುತ್ತಾರೆ. ನನಗೆ ಅದು ಊಟ ಬಡಿಸುವವರು ತುತ್ತನ್ನೂ ಬಾಯಿಗಿಟ್ಟ ಹಾಗೆ. ಇಲ್ಲಿ ಎಲೆ ಹಾಕಿ ಬಡಿಸಿ ಹೋಗುತ್ತಾರೆ. ತಿನ್ನುವುದು ನಿಮ್ಮ ಕೆಲಸ.

ಮುಖ್ಯ ಪಾತ್ರ ಫ್ರಾಂಕ್ ಡ್ರೆಬಿನ್. ಮಾಡಿದವರು ಲೆಸ್ಲಿ ನೀಲ್ಸನ್. ಈ ಮನುಷ್ಯ ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಬಹುಪಾಲು ಗಂಭೀರ ಪಾತ್ರಗಳನ್ನೇ ಮಾಡಿದವರು. 1956ರ 'ಫರ್ಬಿಡನ್ ಪ್ಲಾನೆಟ್'ನಲ್ಲಿ ಅಂತರಿಕ್ಷ ನೌಕೆಯ ಮುಖ್ಯಸ್ಥ. 1972ರ 'ದಿ ಪೊಸೈಡನ್ ಅಡ್ವೆಂಚರ್'ನಲ್ಲಿ ಹಡಗಿನ ಕ್ಯಾಪ್ಟನ್. ಆ ಗಟ್ಟಿ ದನಿ, ಬೆಳ್ಳಿ ಕೂದಲು, ನೆಟ್ಟ ನೋಟ, ಯಾವುದನ್ನೂ ಇಲ್ಲಿ ಬದಲಾಯಿಸಲಿಲ್ಲ. ಒಬ್ಬ ನಿಷ್ಠಾವಂತ ಅಧಿಕಾರಿ ಹೇಗಿರುತ್ತಾನೋ ಹಾಗೇ ಇದ್ದಾರೆ. ಕಾರು ನಿಲ್ಲಿಸುವಾಗ ಕಸದ ಡಬ್ಬಿಗಳಿಗೆ ಗುದ್ದಿ ಅಷ್ಟೇ ಗಂಭೀರವಾಗಿ ಇಳಿದು ಬರುತ್ತಾರೆ. ಒಬ್ಬರು ಸಿಗರೇಟ್ ಚಾಚಿ "ಸಿಗರೇಟ್?" ಅಂದರೆ, ಇನ್ನೊಬ್ಬರು "ಹೌದು, ಅದೇ" ಅಂತಾರೆ. ಮುಖದಲ್ಲಿ ಒಂದು ಗೆರೆ ಅಲ್ಲಾಡುವುದಿಲ್ಲ. ಆ ಪಾತ್ರಕ್ಕಾಗಿ ಅವರ ಹೆಸರು ಎಮ್ಮಿ ಪ್ರಶಸ್ತಿಯ ಪಟ್ಟಿಗೂ ಹೋಯಿತು. ಆ ಹೊತ್ತಿಗೆ ವಾಹಿನಿ ಧಾರಾವಾಹಿಯನ್ನು ನಿಲ್ಲಿಸಿ ಆಗಿತ್ತು.

ತಾನು ತಮಾಷೆ ಮಾಡುತ್ತಿದ್ದೇನೆ ಅಂತ ನಟನಿಗೆ ಗೊತ್ತಿದೆ ಅನ್ನುವುದು ಒಂದು ಚೂರು ಕಂಡರೂ ಅಣಕ ಸತ್ತುಹೋಗುತ್ತದೆ. ಇದು ನನ್ನ ಗಟ್ಟಿ ನಂಬಿಕೆ. ಅದಕ್ಕೇ ಕಣ್ಣು ಹೊಡೆದು, ಹಲ್ಲು ಕಿರಿದು, ವಿಗ್ ಸರಿಮಾಡಿಕೊಂಡು ಮಾಡುವ ಅಣಕಗಳು ನನಗೆ ಹಿಡಿಸುವುದಿಲ್ಲ.

ಇದನ್ನು ನೋಡಿದ ಕೆಲವು ಗೆಳೆಯರು ಒಂದು ಮಾತು ಹೇಳುತ್ತಾರೆ. ಮೂಲ ಗೊತ್ತಿಲ್ಲದೆ ಅಣಕ ಹೇಗೆ ಅರ್ಥವಾಗಬೇಕು? ಇದು ಅಣಕಿಸಿದ್ದು ಮುಖ್ಯವಾಗಿ 'ಎಂ ಸ್ಕ್ವಾಡ್' ಎಂಬ ಧಾರಾವಾಹಿಯನ್ನು. 1957ರಿಂದ 1960ರವರೆಗೆ ಬಂದದ್ದು, ಷಿಕಾಗೋ ಪೊಲೀಸರ ಕಥೆ, ಲೀ ಮಾರ್ವಿನ್ ನಟನೆ. ಅದನ್ನು ನಾವ್ಯಾರೂ ನೋಡಿಲ್ಲ. ಮಾತು ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಅವತ್ತು ನಮ್ಮ ಹಜಾರದಲ್ಲಿ ಹಾಗಾಗಲಿಲ್ಲ.

ನಾವು ನಮ್ಮ ಮೂಲಗಳನ್ನು ಇಟ್ಟುಕೊಂಡು ನಕ್ಕೆವು. ನಮಗೇನು ಕಡಿಮೆಯಾ? ಧೂಳೆಬ್ಬಿಸಿ ಬ್ರೇಕ್ ಹಾಕುವ ಜೀಪು. ಮೊದಲು ಬೂಟು, ಆಮೇಲೆ ಬೆಲ್ಟು, ಆಮೇಲೆ ಮುಖ. ಅಂಗೈಗೆ ಲಾಠಿ ತಟ್ಟಿಕೊಂಡು ಸುತ್ತು ಹಾಕುವ ಇನ್ಸ್‌ಪೆಕ್ಟರ್, ಹಿಂದೆ ಗೋಡೆಗೆ ಗಾಂಧೀಜಿ ಫೋಟೋ. ಫೈಟ್ ಎಲ್ಲ ಮುಗಿದು ವಿಲನ್ ನೆಲಕ್ಕೆ ಬಿದ್ದ ಮೇಲೆ ಸೈರನ್ ಹಾಕಿಕೊಂಡು ಬರುವ ಪೊಲೀಸರು. 1988ರ 'ಎಸ್.ಪಿ. ಸಾಂಗ್ಲಿಯಾನ'ದ ಶಂಕರ್ ನಾಗ್ ಅವರನ್ನು ನೋಡಿ ಬೆಳೆದವರು ನಾವು. 1996ರ 'ಪೊಲೀಸ್ ಸ್ಟೋರಿ'ಯ ಸಾಯಿಕುಮಾರ್ ಮಾತುಗಳನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಕೇಳಿದವರು. ಆ ಸಿನಿಮಾಗಳು ನನಗೆ ಇಷ್ಟ, ಈಗಲೂ ಬಂದರೆ ಚಾನೆಲ್ ಬದಲಿಸುವುದಿಲ್ಲ. ಅದಕ್ಕೇ ಡ್ರೆಬಿನ್ ನನಗೆ ಪರಿಚಯದವನ ಹಾಗೆ ಕಂಡ. ಒಂದು ದೃಶ್ಯದಲ್ಲಿ ಡ್ರೆಬಿನ್ ಮತ್ತು ಕಳ್ಳ ಅಡಗಿ ಕೂತು ಗುಂಡಿನ ಮಳೆ ಸುರಿಸುತ್ತಾರೆ. ಇವನ ಮುಖ, ಅವನ ಮುಖ, ಇವನ ಪಿಸ್ತೂಲು, ಅವನ ಪಿಸ್ತೂಲು. ಆಮೇಲೆ ಕ್ಯಾಮೆರಾ ಹಿಂದೆ ಸರಿಯುತ್ತದೆ. ಇಬ್ಬರ ನಡುವೆ ಕೈ ಚಾಚಿದರೆ ಸಿಗುವಷ್ಟೇ ದೂರ. ಅಲ್ಲಿ ಅಣ್ಣನ ಮಗಳು ಅವರೆಕಾಯಿ ಬಿಟ್ಟು ಚಪ್ಪಾಳೆ ತಟ್ಟಿದಳು. ಷಿಕಾಗೋ ಧಾರಾವಾಹಿ ಯಾರಿಗೆ ಬೇಕು? ಎಷ್ಟು ಗುಂಡು ಹಾರಿಸಿದರೂ ಹೀರೋಗೆ ತಾಗದ್ದನ್ನು ನಾವು ಎಷ್ಟು ಸಿನಿಮಾದಲ್ಲಿ ನೋಡಿಲ್ಲ!

ಇನ್ನೊಂದು ಪಾತ್ರ ಜಾನಿ. ಬೀದಿಯಲ್ಲಿ ಬೂಟು ಪಾಲಿಶ್ ಮಾಡುವವನು, ಪೊಲೀಸರಿಗೆ ಸುಳಿವು ಕೊಡುವವನು. ಮೊದಲು ನನಗೇನೂ ಗೊತ್ತಿಲ್ಲ ಅಂತಾನೆ. ಕೈಗೆ ನೋಟು ಬಿದ್ದ ಕೂಡಲೇ ಕೇಸಿನ ಒಳಹೊರಗು ಎಲ್ಲ ಬಿಚ್ಚಿಡುತ್ತಾನೆ. ಡ್ರೆಬಿನ್ ಆ ಕಡೆ ಹೋಗುತ್ತಿದ್ದಂತೆ ಅದೇ ಕುರ್ಚಿಗೆ ಒಬ್ಬ ಪಾದ್ರಿ ಬಂದು ಸತ್ತ ಮೇಲೆ ಏನಾಗುತ್ತದೆ ಅಂತ ಕೇಳುತ್ತಾನೆ. ಇನ್ನೊಂದು ಕಂತಿನಲ್ಲಿ ಡಾಕ್ಟರ್ ಬಂದು ಹೃದಯದ ಆಪರೇಷನ್ ವಿಚಾರ ಕೇಳುತ್ತಾನೆ. ಜಾನಿಗೆ ಎಲ್ಲವೂ ಗೊತ್ತು. ಅಮ್ಮ ಅಲ್ಲಿ ತಿರುಗಿ ನೋಡಿದರು. "ನಮ್ಮ ಇಸ್ತ್ರಿ ಗಾಡಿಯವರ ಥರ" ಅಂದರು. ನಮ್ಮ ರಸ್ತೆಯ ಹೊಂಗೆ ಮರದ ಕೆಳಗೆ ಇದ್ದಿಲು ಪೆಟ್ಟಿಗೆ ಇಟ್ಟುಕೊಂಡು ಇಸ್ತ್ರಿ ಮಾಡುವವರಿಗೆ ಯಾವ ಮನೆ ಬಾಡಿಗೆಗಿದೆ, ಯಾರ ಮಗನಿಗೆ ಹುಡುಗಿ ನೋಡುತ್ತಿದ್ದಾರೆ, ನೀರು ಯಾವಾಗ ಬಿಡುತ್ತಾರೆ, ಎಲ್ಲ ಗೊತ್ತು. ಬಟ್ಟೆ ಗಂಟು ಕೊಡಲು ಹೋದ ಅಮ್ಮ ಅರ್ಧ ಗಂಟೆ ಆದರೂ ಬರುವುದಿಲ್ಲ. ಅದು ಅಮ್ಮನ ಮೊದಲ ನಗು.

ನನಗೆ ಎಲ್ಲರಿಗಿಂತ ಕುತೂಹಲ ಇದ್ದದ್ದು ಮಾವನ ಬಗ್ಗೆ. ಅವರು ಪೊಲೀಸ್ ಸಿನಿಮಾ ನೋಡುವುದಿಲ್ಲ. ಸೋನಿಯಲ್ಲಿ 1998ರಿಂದ ವರ್ಷಗಟ್ಟಲೆ ಬಂದ 'ಸಿಐಡಿ'ಯನ್ನು ಇಡೀ ಮನೆ ನೋಡುವಾಗಲೂ ಎದ್ದು ವರಾಂಡಕ್ಕೆ ಹೋಗುತ್ತಿದ್ದರು. ಬಾಗಿಲು ಒಡೆದ ಮೇಲೆ ಅದಕ್ಕೆ ಮಹಜರು ಯಾರು ಬರೀತಾರೆ ಅಂತ ಒಂದು ಸಲ ಕೇಳಿದ್ದು ನೆನಪಿದೆ. ಹಾಗಾಗಿ ಇದಕ್ಕೆ ಏನು ಹೇಳುತ್ತಾರೋ ಅಂತ ಒಳಗೊಳಗೇ ಅಳುಕು. ಪೊಲೀಸರನ್ನು ಪೆದ್ದರ ಹಾಗೆ ತೋರಿಸಿದ್ದಾರೆ ಅಂತ ಬೇಜಾರಾದರೆ?

ಮೊದಲ ಕಂತಿನ ಮಧ್ಯದಲ್ಲಿ ಡ್ರೆಬಿನ್ ಒಬ್ಬಾಕೆಯ ಹೇಳಿಕೆ ತೆಗೆದುಕೊಳ್ಳುವ ದೃಶ್ಯ ಇದೆ. ಸತ್ತವನ ಅಡ್ಡಹೆಸರು ಟ್ವೈಸ್, ಅಂದರೆ ಎರಡು ಸಲ. ಇನ್ನೊಬ್ಬನದು ಫೆಲ್, ಅಂದರೆ ಬಿದ್ದ. ಯಾರು ಬಿದ್ದರು, ಎಷ್ಟು ಸಲ ಗುಂಡು ಹಾರಿತು ಅನ್ನುವುದು ಹೆಸರುಗಳ ಜೊತೆ ಕಲಸಿ ಗೋಜಲಾಗುತ್ತದೆ. ಮಾವ ಕೈಯಲ್ಲಿದ್ದ ಸಿಪ್ಪೆ ಹಾಗೇ ಹಿಡಿದುಕೊಂಡು ಕೂತರು. ಆಮೇಲೆ ಭುಜ ಕುಣಿಸಿ ನಕ್ಕರು. ಮಾವ ಹಾಗೆ ನಕ್ಕಿದ್ದು ನೋಡಿ ಬಹಳ ದಿನ ಆಗಿತ್ತು. "ನಿಲ್ಸು, ಸ್ವಲ್ಪ ನಿಲ್ಸು" ಅಂದರು. ನಿಲ್ಲಿಸಿದೆ.

"ಇದು ಆಗಿದೆ ಕಣೇ, ನಮ್ಮ ಸ್ಟೇಷನ್ನಲ್ಲೇ ಆಗಿದೆ" ಅಂತ ಶುರು ಮಾಡಿದರು. ಹೊಸದಾಗಿ ಬಂದ ಹುಡುಗಿ ಒಬ್ಬಳು ಮಹಿಳಾ ಪಿಸಿ. ರೈಟರ್ ರಜೆ ಮೇಲಿದ್ದರು ಅಂತ ಅವಳನ್ನು ಬರೆಯಲು ಕೂರಿಸಿದ್ದರಂತೆ. ಎದುರಿಗೆ ಹಳ್ಳಿಯಿಂದ ಬಂದ ಒಬ್ಬ ಅಜ್ಜ. ಬಸ್ ಸ್ಟಾಂಡಿನಲ್ಲಿ ಚೀಲ ಕಳುವಾಗಿದೆ.

ಹುಡುಗಿ ಕೇಳಿದಳು, "ಇದನ್ನ ನೋಡಿದ ಸಾಕ್ಷಿ ಯಾರಾದ್ರೂ ಇದ್ದಾರಾ ಅಜ್ಜ?"

ಅಜ್ಜ ಹೇಳಿದ, "ಸಾಕಮ್ಮ."

ಅವಳು ಪೆನ್ನು ಕೆಳಗಿಟ್ಟಳು. "ಸಾಕು ಅಂದ್ರೆ ಹೇಗೆ? ಕಂಪ್ಲೇಂಟ್ ಅಂದ ಮೇಲೆ ಪೂರ್ತಿ ಹೇಳ್ಬೇಕು."

"ಪೂರ್ತಿನೇ ಹೇಳ್ತಿದ್ದೀನಿ ತಾಯಿ. ಸಾಕಮ್ಮ."

"ಸರಿ, ಸುಸ್ತಾಗಿದ್ರೆ ನೀರು ಕುಡೀರಿ. ಆಮೇಲೆ ಬರೆಯೋಣ."

"ನೀರು ಬ್ಯಾಡ. ಸಾಕಮ್ಮ ಅಂತ ಬರ್ಕೋ."

ಅವಳು ಎದ್ದು ಮಾವನ ಹತ್ತಿರ ಬಂದು, ಸಾರ್, ಕಂಪ್ಲೇಂಟ್ ವಾಪಸ್ ತಗೋತಾರಂತೆ ಅಂದಳಂತೆ. ಮಾವ ಹೊರಗೆ ಬಂದು ನೋಡಿದರೆ, ಅಜ್ಜನ ಹಿಂದಿನ ಬೆಂಚಿನ ಮೇಲೆ ಸೆರಗು ಹೊದ್ದು ಒಬ್ಬಾಕೆ ಕೂತಿದ್ದಾರೆ. ಎಲೆ ಅಡಿಕೆ ಹಾಕಿಕೊಂಡು, ಬಾಯಿ ತುಂಬಿದ್ದರಿಂದ ಮಾತಾಡಲಾಗದೆ, ನಾನೇ ನಾನೇ ಅಂತ ಎದೆ ಮುಟ್ಟಿ ತೋರಿಸುತ್ತಿದ್ದಾರೆ. ಆಕೆಯೇ ಸಾಕಮ್ಮ. ಅಜ್ಜನ ತಂಗಿ.

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಪ್ಪನಿಗೆ ಕೆಮ್ಮು ಹತ್ತಿತು. ಆದರೆ ಮಾವ ಹೇಳಿದ ಮುಂದಿನ ಮಾತು ನನಗೆ ಮುಖ್ಯ. "ಅಲ್ಲಿ ನಾವ್ಯಾರೂ ನಗಲಿಲ್ಲ. ಅವರ ಚೀಲದಲ್ಲಿ ಮೊಮ್ಮಗಳ ಮದುವೆ ಸೀರೆ ಇತ್ತು. ಆ ಹುಡುಗಿಗೆ ಅದು ಮೊದಲನೇ ಕಂಪ್ಲೇಂಟ್. ಎಲ್ರೂ ಸೀರಿಯಸ್ಸಾಗೇ ಇದ್ವಿ. ಇವ್ನೂ ನೋಡು, ಎಷ್ಟು ಸೀರಿಯಸ್ಸಾಗಿದಾನೆ" ಅಂತ ಪರದೆಯ ಮೇಲೆ ನಿಂತಿದ್ದ ಡ್ರೆಬಿನ್‌ನನ್ನು ತೋರಿಸಿದರು. ಪೊಲೀಸ್ ಸ್ಟೇಷನ್ ಹೇಗಿರುತ್ತೆ ಅಂತ ಬೇರೆ ಸಿನಿಮಾದವರಿಗಿಂತ ಇವರಿಗೇ ಜಾಸ್ತಿ ಗೊತ್ತು ಅನ್ನುವುದು ಮಾವನ ತೀರ್ಪು. ಕೆಲಸ ಮಾಡುವವರು ಗಂಭೀರ, ಕೆಲಸವೇ ಕೈಮೀರಿ ಎಲ್ಲೆಲ್ಲೋ ಹೋಗುತ್ತಿರುತ್ತದೆ. ಮೂವತ್ತೈದು ವರ್ಷ ಹಾಗೇ ಇತ್ತು ಅಂದರು.

ಅಣ್ಣನ ಮಗಳಿಗೆ ಮಾತ್ರ ಸಮಾಧಾನ ಇರಲಿಲ್ಲ. ನಕ್ಕಿದ್ದು ನಿಜ, ಚಪ್ಪಾಳೆ ತಟ್ಟಿದ್ದೂ ನಿಜ. ಆದರೂ ಅವಳದೊಂದು ತಕರಾರು. "ಅತ್ತೆ, ಪೊಲೀಸರನ್ನ ಹೀಗೆ ಮುದ್ದು ಮುದ್ದಾಗಿ ತೋರಿಸಿದ್ರೆ ಜನ ಲಾಕಪ್‌ನಲ್ಲಿ ಏನಾಗುತ್ತೆ ಅನ್ನೋದನ್ನ ಮರೆತುಬಿಡಲ್ವಾ?" ಅಂದಳು. ಅವಳ ಕೈಯಲ್ಲಿ ಉದಾಹರಣೆಯೂ ಇತ್ತು. 'ಬ್ರೂಕ್ಲಿನ್ ನೈನ್ ನೈನ್' ಅಂತ ಇನ್ನೊಂದು ಅಮೆರಿಕನ್ ಪೊಲೀಸ್ ಕಾಮಿಡಿ, 2013ರಿಂದ 2021ರವರೆಗೆ ಬಂದದ್ದು. 2020ರ ಮೇ ತಿಂಗಳಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಅದರ ತಂಡ ಬರೆದಿಟ್ಟಿದ್ದ ನಾಲ್ಕು ಕಂತುಗಳನ್ನು ಬಿಸಾಡಿ ಹೊಸದಾಗಿ ಯೋಚಿಸಬೇಕಾಯಿತು ಅಂತ ನಟ ಟೆರ್ರಿ ಕ್ರೂಸ್ ಹೇಳಿದ್ದರು. ನಗಿಸುವವರಿಗೇ ನಗಿಸುವುದು ಕಷ್ಟವಾದ ಕಾಲ ಅದು.

ಅವಳ ಮಾತನ್ನು ನಾನು ತಳ್ಳಿಹಾಕಲಿಲ್ಲ. ಅವತ್ತು ರಾತ್ರಿ ಮಲಗಿದ ಮೇಲೂ ಯೋಚಿಸುತ್ತಿದ್ದೆ. ಈ ಆರು ಕಂತಿನಲ್ಲಿ ಗುಂಡು ಹಾರಿಸುವುದಕ್ಕೆ ಬೆಲೆಯೇ ಇಲ್ಲ. ಸತ್ತವರ ಮನೆಯವರು ಅಳುವುದಿಲ್ಲ. ಅಷ್ಟರ ಮಟ್ಟಿಗೆ ಅವಳು ಸರಿ. ಆದರೆ 'ಬ್ರೂಕ್ಲಿನ್' ಪೊಲೀಸರ ಜೊತೆ ಸ್ನೇಹ ಮಾಡಿಸುವ ಧಾರಾವಾಹಿ. ಇದು ಯಾರ ಜೊತೆಯೂ ಸ್ನೇಹ ಮಾಡಿಸುವುದಿಲ್ಲ. ಇದು ನಗುವುದು ಪೊಲೀಸರನ್ನು ನೋಡಿ ಅಲ್ಲ, ಪೊಲೀಸ್ ಕಥೆ ಹೇಳುವ ರೀತಿಯನ್ನು ನೋಡಿ. ಆ ಗತ್ತಿನ ದನಿ, ಎಲ್ಲ ಬಲ್ಲೆ ಅನ್ನುವ ಸ್ವಗತ, ಹೀರೋ ಮಾಡಿದ್ದೇ ಸರಿ ಅನ್ನುವ ಧಾಟಿ. ಅದನ್ನು ಒಮ್ಮೆ ನೋಡಿ ನಕ್ಕವರು ಮತ್ತೆ ಅಂಥ ಧಾಟಿಗೆ ಸುಲಭವಾಗಿ ತಲೆ ಬಾಗುವುದಿಲ್ಲ ಅಂತ ನನ್ನ ಅನಿಸಿಕೆ.

ಮಾವ ಅವಳಿಗೆ ಕೊಟ್ಟ ಉತ್ತರ ಬೇರೆ. "ಕಾಮಿಡಿ ನೋಡಿ ಬಂದ ಹುಡುಗರಿಂದ ನನಗೆ ಒಂದು ದಿನವೂ ತೊಂದ್ರೆ ಆಗಿಲ್ಲಮ್ಮ. ಹೀರೋ ಪೊಲೀಸ್ ಸಿನಿಮಾ ನೋಡಿ ಬಂದೋರು ಇದ್ರಲ್ಲ, ಬೆಲ್ಟ್ ಸರಿಮಾಡ್ಕೊಂಡು, ಬಂದವರ ಮೇಲೆಲ್ಲ ಕೈ ಎತ್ತೋರು, ಅವ್ರನ್ನ ತಡೆಯೋದೇ ಒಂದು ಡ್ಯೂಟಿ" ಅಂದರು. ಅವಳು ಏನೂ ಹೇಳಲಿಲ್ಲ. ಒಪ್ಪಿದ ಹಾಗೆ ಕಾಣಲಿಲ್ಲ, ಕೇಳಿಸಿಕೊಂಡ ಹಾಗೆ ಕಂಡಿತು.

ಪ್ರತಿ ಕಂತಿನ ಕೊನೆಗೂ ಒಂದು ಸಂಗತಿ ಇದೆ. ಹಳೆಯ ಧಾರಾವಾಹಿಗಳಲ್ಲಿ ಎಲ್ಲ ಮುಗಿದ ಮೇಲೆ ಪೊಲೀಸರು ಠಾಣೆಯಲ್ಲಿ ಏನೋ ಒಂದು ಜೋಕು ಹೇಳಿ ನಗುತ್ತಾರೆ, ಚಿತ್ರ ಅಲ್ಲೇ ಹಿಡಿದಿಟ್ಟ ಹಾಗೆ ನಿಲ್ಲುತ್ತದೆ, ಅದರ ಮೇಲೆ ಹೆಸರುಗಳು ಹರಿಯುತ್ತವೆ. ನಮ್ಮ ಸಿನಿಮಾಗಳಲ್ಲಿ ಇಡೀ ಮನೆ ಮಂದಿ ಒಟ್ಟಿಗೆ ನಿಂತು ನಗುವಾಗ ಚಿತ್ರ ನಿಂತು 'ಶುಭಂ' ಅಂತ ಬರುವುದಿಲ್ಲವಾ, ಹಾಗೆ. 'ಪೊಲೀಸ್ ಸ್ಕ್ವಾಡ್!'ನಲ್ಲಿ ಚಿತ್ರ ನಿಲ್ಲಿಸುವುದಿಲ್ಲ. ನಟರೇ ನಿಂತುಬಿಡುತ್ತಾರೆ. ನಕ್ಕ ಬಾಯಿ ನಕ್ಕ ಹಾಗೇ, ಎತ್ತಿದ ಕೈ ಎತ್ತಿದ ಹಾಗೇ, ಬೊಂಬೆಗಳಂತೆ. ಉಳಿದದ್ದು ನಿಲ್ಲಬೇಕಲ್ಲ? ನಿಲ್ಲುವುದಿಲ್ಲ. ಒಂದು ಕಂತಿನಲ್ಲಿ ಕಾಫಿ ಬಗ್ಗಿಸುತ್ತಿದ್ದವರು ಹಾಗೇ ನಿಂತಿದ್ದಾರೆ, ಕಾಫಿ ಸುರಿಯುತ್ತಲೇ ಇದೆ. ಇನ್ನೊಂದರಲ್ಲಿ ಹಿಡಿದು ತಂದ ಕೈದಿ ಇವರೆಲ್ಲ ಯಾಕೆ ಹೀಗೆ ನಿಂತರು ಅಂತ ನೋಡಿ ಮೆಲ್ಲಗೆ ಜಾಗ ಖಾಲಿ ಮಾಡುತ್ತಾನೆ. ಮತ್ತೊಂದರಲ್ಲಿ ಒಂದು ಚಿಂಪಾಂಜಿ ಕಾಗದಗಳನ್ನು ಎಸೆದಾಡುತ್ತದೆ.

ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನಟರ ಕಣ್ಣು ನೋಡುತ್ತೇನೆ. ರೆಪ್ಪೆ ಹೊಡೆಯಬಾರದು ಅಂತ ಕಷ್ಟಪಡುತ್ತಿರುತ್ತಾರೆ. ತೋಳು ಒಂದಿಷ್ಟೇ ನಡುಗುತ್ತದೆ. ಮೈಮೇಲೆ ಬಿಸಿ ಕಾಫಿ ಬಿದ್ದರೂ ಅಲ್ಲಾಡುವ ಹಾಗಿಲ್ಲ. ಇಷ್ಟು ಸಣ್ಣ ತಮಾಷೆಗೆ ಇಷ್ಟು ದೊಡ್ಡ ಕಷ್ಟ. ಅದೂ ಹೆಸರುಗಳು ಹರಿಯುವಾಗ, ಜನ ಎದ್ದು ಅಡುಗೆಮನೆಗೆ ಹೋಗುವ ಹೊತ್ತಿನಲ್ಲಿ. ಯಾರಾದರೂ ಒಬ್ಬರು ಇನ್ನೂ ನೋಡುತ್ತಿರಬಹುದು ಅಂತ ನಂಬಿ ಮಾಡಿದ ಕೆಲಸ ಅದು. ಆ ನಂಬಿಕೆಗೇ ನಾನು ಮನಸೋತದ್ದು.

ಆ ಮೂವರು ಇದನ್ನು ಅಲ್ಲಿಗೇ ಬಿಡಲಿಲ್ಲ. ಆರು ವರ್ಷ ಕಳೆದು 1988ರಲ್ಲಿ ಅದೇ ಡ್ರೆಬಿನ್‌ನನ್ನು, ಅದೇ ನೀಲ್ಸನ್ ಅವರನ್ನು 'ದಿ ನೇಕೆಡ್ ಗನ್' ಅಂತ ದೊಡ್ಡ ಪರದೆಗೆ ತಂದರು. ಜನ ಮುಗಿಬಿದ್ದು ನೋಡಿದರು. 1991ರಲ್ಲಿ, 1994ರಲ್ಲಿ ಮತ್ತೆರಡು ಬಂದವು. 2025ರಲ್ಲಿ ಲಿಯಾಮ್ ನೀಸನ್ ಅವರನ್ನು ಹಾಕಿಕೊಂಡು ಇನ್ನೊಂದು. ಟಿವಿಯಲ್ಲಿ ಸೋತ ತಮಾಷೆಗಳಲ್ಲಿ ಕೆಲವು ಸಿನಿಮಾದಲ್ಲಿ ಮತ್ತೆ ಬಂದು ಗೆದ್ದವು. ನನಗೆ ಇದರಲ್ಲಿ ಅಚ್ಚರಿ ಇಲ್ಲ. ಥಿಯೇಟರ್‌ನಲ್ಲಿ ದೀಪ ಆರಿಸುತ್ತಾರೆ. ಸೊಪ್ಪು ಬಿಡಿಸಲಾಗುವುದಿಲ್ಲ.

ಅವತ್ತು ಆರನೇ ಕಂತು ಮುಗಿಯುವ ಹೊತ್ತಿಗೆ ಅವರೆಕಾಯಿ ಇನ್ನೂ ಅರ್ಧ ಮೊರ ಉಳಿದಿತ್ತು. ನಮ್ಮ ಮನೆಯಲ್ಲಿ ಹಾಗೆ ಆಗಿದ್ದೇ ಇಲ್ಲ. ಮಾವ ಹೊರಡುವಾಗ ಡಿವಿಡಿ ಕೇಳಿ ತೆಗೆದುಕೊಂಡು ಹೋದರು. ಹಳೇ ಬ್ಯಾಚಿನವರು ತಿಂಗಳಿಗೊಮ್ಮೆ ಸೇರುತ್ತಾರಂತೆ, ಅಲ್ಲಿ ಹಾಕುತ್ತಾರಂತೆ.

ಮಾರನೇ ದಿನ ಸಂಜೆ ಎಂದಿನಂತೆ ಅಮ್ಮನ ಸೀರಿಯಲ್ ನಡೆಯುತ್ತಿತ್ತು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. "ಬಾರೇ ಇಲ್ಲಿ, ಬೇಗ ಬಾ" ಅಂತ ಅಮ್ಮ ಕೂಗಿದರು. ಏನಾಯಿತೋ ಅಂತ ಹಿಟ್ಟಿನ ಕೈಯಲ್ಲೇ ಓಡಿದೆ. ಅಮ್ಮ ಟಿವಿ ಕಡೆ ತಿರುಗಿ ಕೂತಿದ್ದರು. ಪರದೆಯ ಮೇಲೆ ಅತ್ತೆ ಸೊಸೆಯ ಮಾತು ಜೋರಾಗಿ ನಡೆದಿತ್ತು. ಅಮ್ಮ ಅವರಿಬ್ಬರನ್ನೂ ನೋಡುತ್ತಿರಲಿಲ್ಲ.

"ಹಿಂದೆ ಗೋಡೆ ಗಡಿಯಾರ ನೋಡು" ಅಂದರು. "ನಿನ್ನೆ ರಾತ್ರಿಯಿಂದ ಹತ್ತೂ ಹತ್ತೇ ಆಗಿದೆ."